ಅಂಗಡಿ ಶಟರ್ ತುಂಬಾ ಭಾರ ಆಗಿದೆ: ಸ್ಪ್ರಿಂಗ್ ಟೈಟ್ ಮಾಡಿಸಲೋ, ಬದಲಿಸಲೋ? ಅನುಭವ ಇದ್ದವರು ಹೇಳಿ

ಟೈಲರ್ ಅಕ್ಕ, ತುಮಕೂರು
ಎಲ್ಲರಿಗೂ ನಮಸ್ಕಾರ. ನನ್ನದು ಸಣ್ಣ ಟೈಲರಿಂಗ್ ಅಂಗಡಿ, ಬಾಡಿಗೆ ಮಳಿಗೆ. ಶಟರ್ ಎಂಟಡಿ ಅಗಲ, ಎಂಟಡಿ ಎತ್ತರ, ಕೈಯಲ್ಲೇ ಎತ್ತುವಂಥದ್ದು. ಹಾಕಿಸಿ 11 ವರ್ಷ ಆಯಿತಂತೆ. ದೀಪಾವಳಿ ಆದಮೇಲೆ ಒಬ್ಬಳೇ ಎತ್ತಲು ಆಗುತ್ತಿಲ್ಲ. ಅರ್ಧಕ್ಕೆ ಎತ್ತಿ ಕೈ ಬಿಟ್ಟರೆ ಜಾರಿ ಕೆಳಗೆ ಬರುತ್ತದೆ. ಒಬ್ಬ ಮೆಕ್ಯಾನಿಕ್ 700 ರೂಪಾಯಿಗೆ ಟೈಟ್ ಮಾಡಿಕೊಡುತ್ತೇನೆ ಅಂದ. ಇನ್ನೊಬ್ಬರು ಒಳಗಿರುವ ಮೂರೂ ಸ್ಪ್ರಿಂಗ್ ಬದಲಿಸಬೇಕು, 4,800 ಆಗುತ್ತೆ ಅಂದರು. ಓನರ್‌ಗೆ ಹೇಳಿದರೆ "ನೋಡೋಣಮ್ಮ" ಅನ್ನುತ್ತಾರೆ. ಏನು ಮಾಡಲಿ?

ಕಿರಾಣಿ, ದಾವಣಗೆರೆ
ಅಕ್ಕಾ, ಟೈಟ್ ಮಾಡಿಸಬೇಡಿ. ನನ್ನ ಕಥೆ ಕೇಳಿ. ನಮ್ಮ ಶಟರ್ ಕೂಡ ಹೀಗೇ ಜಾರುತ್ತಿತ್ತು. 600 ಕೊಟ್ಟು ಟೈಟ್ ಮಾಡಿಸಿದೆ. ಯುಗಾದಿವರೆಗೆ ಚೆನ್ನಾಗಿತ್ತು, ಆಮೇಲೆ ಮತ್ತೆ ಭಾರ. ಅದೇ ಮೆಕ್ಯಾನಿಕ್ ಬಂದು 800 ತೆಗೆದುಕೊಂಡು ಇನ್ನೆರಡು ಸುತ್ತು ಬಿಗಿ ಮಾಡಿದ. ಸ್ಪ್ರಿಂಗ್ ಸತ್ತಿದೆ ಅಂತ ಒಂದು ಮಾತು ಹೇಳಲಿಲ್ಲ. ಒಂದು ದಿನ ಬೆಳಗ್ಗೆ ಹಾಲು ಇಳಿಸಿಕೊಳ್ಳಲು ಶಟರ್ ಎತ್ತುತ್ತಿದ್ದೇನೆ, ಮೇಲಿಂದ ಟಣ್ ಅಂತ ಸದ್ದು. ಶಟರ್ ಒಂದೇ ಸಲ ಬಲಗಡೆಗೆ ವಾಲಿ ಧಡ್ ಅಂತ ಬಂತು. ಮೊಣಕಾಲಿನ ಎತ್ತರಕ್ಕೆ ಸಿಕ್ಕಿಕೊಂಡಿತು. ಮೇಲೂ ಹೋಗಲ್ಲ, ಕೆಳಗೂ ಬರಲ್ಲ. ನನ್ನ ಕಾಲು ಒಂದು ಗೇಣು ಮುಂದೆ ಇದ್ದಿದ್ದರೆ ಏನಾಗುತ್ತಿತ್ತು ಹೇಳಿ.

ಲೆಕ್ಕ ಬರೆದಿಟ್ಟಿದ್ದೇನೆ. ಸ್ಪ್ರಿಂಗ್ ಮೂರು, ಒಂದಕ್ಕೆ 1,350ರಂತೆ 4,050. ಕೂಲಿ 1,500. ಬಗ್ಗಿದ ಪಟ್ಟಿ ಎರಡು, 900. ಶಟರ್ ಓಡುವ ಸೈಡ್ ಚಾನೆಲ್ 1,100. ಕೆಳಗಿನ ಲಾಕ್ ಪ್ಲೇಟ್ 350. ಒಟ್ಟು 7,900. ಮೊದಲು ಟೈಟ್ ಮಾಡಿಸಿದ 1,400 ಸೇರಿಸಿದರೆ 9,300. ಒಡೆದ ಹಾಲು, ಮೊಸರು 640. ಒಟ್ಟಿಗೆ 9,940. ಮೊದಲೇ ಬದಲಿಸಿ ಎಂದು ಅವನು ಹೇಳಿದ್ದರೆ ಸ್ಪ್ರಿಂಗ್, ಕೂಲಿ ಸೇರಿ 5,550ರಲ್ಲಿ ಮುಗಿಯುತ್ತಿತ್ತು. ಅವನಿಗೆ ಫೋನ್ ಮಾಡಿದರೆ ಈಗಲೂ ಎತ್ತುವುದಿಲ್ಲ.

ಗಿರಣಿ, ಗದಗ
ಮೂರೂ ಬದಲಿಸಿದ್ದು ಯಾಕ್ರೀ ಅಣ್ಣಾರ? ಮುರಿದದ್ದು ಒಂದು ತಾನೇ? ನಮ್ಮ ಹಿಟ್ಟಿನ ಗಿರಣಿಯ ಶಟರ್ ನಿಮ್ಮದಕ್ಕಿಂತ ದೊಡ್ಡದು, ಒಳಗೆ ನಾಲ್ಕು ಸ್ಪ್ರಿಂಗ್. ಒಂದು ಮುರಿಯಿತು, ಒಂದನ್ನೇ ಹಾಕಿಸಿದೆ. ಸ್ಪ್ರಿಂಗ್ 1,200, ಕೂಲಿ 500. ನಾಲ್ಕು ವರ್ಷ ಆಯಿತು, ಈಗಲೂ ನನ್ನ ಮಗಳು ಒಂದೇ ಕೈಯಲ್ಲಿ ಎತ್ತುತ್ತಾಳೆ. ಎಲ್ಲಾ ಬದಲಿಸಿ ಅನ್ನುವುದು ಮೆಕ್ಯಾನಿಕ್‌ಗಳ ವ್ಯಾಪಾರ. ಇನ್ನೊಂದು ಮಾತು, ಹಳೆ ಎಂಜಿನ್ ಆಯಿಲ್ ತಂದು ಎರಡೂ ಕಡೆ ಚಾನೆಲ್‌ಗೆ ಸುರಿಯಿರಿ. ಅರ್ಧ ಭಾರ ಅಲ್ಲೇ ಕಡಿಮೆ ಆಗುತ್ತದೆ.

ಹಳೆ ಫಿಟ್ಟರ್, ಪೀಣ್ಯ
ಗಿರಣಿಯವರೇ, ದಯವಿಟ್ಟು ಎಂಜಿನ್ ಆಯಿಲ್ ಸಲಹೆ ಕೊಡಬೇಡಿ. ಅದು ಧೂಳು ಹಿಡಿದು ಚಾನೆಲ್ ಒಳಗೆ ಅಂಟು ಕಟ್ಟುತ್ತದೆ. ಹಿಟ್ಟಿನ ಗಿರಣಿಯಲ್ಲಂತೂ ಕೇಳುವುದೇ ಬೇಡ. ಚಾನೆಲ್ ಒರೆಸಿ, ತೆಳ್ಳಗೆ ಗ್ರೀಸ್ ಹಚ್ಚಿದರೆ ಸಾಕು.

ನಾನು ಶಟರ್ ಕೆಲಸವನ್ನೇ ಮಾಡಿಕೊಂಡು ಬಂದವನು. "ವ್ಯಾಪಾರ" ಅಂದದ್ದು ನನಗೆ ನೋವಾಯಿತು. ಯಾಕೆ ಎಲ್ಲಾ ಒಟ್ಟಿಗೆ ಬದಲಿಸುತ್ತೇವೆ ಎಂದು ಕೇಳಿ. ಶಟರ್ ಕೆಳಗೆ ಎಳೆದಾಗ ಮೇಲಿನ ಪೈಪ್ ತಿರುಗುತ್ತದೆ, ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ; ಎತ್ತುವಾಗ ಆ ಬಿಗಿಯೇ ಭಾರ ಎಳೆದುಕೊಡುತ್ತದೆ. ನೀವು ಬೀಗ ಹಾಕಿ ಮನೆಗೆ ಹೋದಾಗಲೇ ಅದರ ಮೇಲೆ ಬಿಗಿ ಜಾಸ್ತಿ. ಎಲ್ಲಾ ಸ್ಪ್ರಿಂಗ್‌ಗಳೂ ಒಂದೇ ದಿನ ಕೂರಿಸಿದವು, ಅಷ್ಟೇ ಸಲ ಸುತ್ತಿ ಬಿಚ್ಚಿಕೊಂಡವು. ಒಂದು ಮುರಿದರೆ ಅದರ ಪಾಲಿನ ಭಾರ ಉಳಿದವುಗಳ ಮೇಲೆ. ಹೊಸದೊಂದು, ಹಳೆಯವು ಮೂರು ಇದ್ದರೆ ಎಳೆತ ಒಂದೇ ಸಮ ಇರುವುದಿಲ್ಲ. ಮುಂದಿನ ಸಲ ಮತ್ತೆ ಬಿಚ್ಚಬೇಕು, ಮತ್ತೆ ಕೂಲಿ.

ಅಕ್ಕಾ, ನಿಮಗೆ ಹೇಳುವುದು ಇಷ್ಟು. ಪ್ರತಿ ಸಲ ಒಂದೇ ಎತ್ತರದಲ್ಲಿ ಸಿಕ್ಕಿಕೊಂಡರೆ ಅದು ಸ್ಪ್ರಿಂಗ್ ಅಲ್ಲ. ಯಾವುದೋ ಬೈಕ್ ತಾಗಿ ಚಾನೆಲ್ ಬಗ್ಗಿರುತ್ತದೆ, ಅಥವಾ ಪಟ್ಟಿ ಪಕ್ಕಕ್ಕೆ ಸರಿದಿರುತ್ತದೆ. ನೆಲದಿಂದ ಮೇಲಿನವರೆಗೂ ಭಾರ ಇದ್ದು, ಅರ್ಧದಲ್ಲಿ ನಿಲ್ಲದೆ ಜಾರಿದರೆ ಸ್ಪ್ರಿಂಗ್ ಸೋತಿದೆ ಎಂದೇ ಲೆಕ್ಕ. ಹೊಸ ಶಟರ್ ಸ್ವಲ್ಪ ಕಾಲ ಓಡಿದ ಮೇಲೆ ಒಂದು ಸಲ ಟೈಟ್ ಮಾಡುವುದು ಸರಿ. 11 ವರ್ಷದ ಸ್ಪ್ರಿಂಗಿಗೆ ಬಿಗಿ ಕೊಟ್ಟರೆ ಮುರಿಯಬಹುದು. ಜಾಸ್ತಿ ಬಿಗಿ ಆದರೆ ಇನ್ನೊಂದು ತೊಂದರೆ, ಎಳೆದರೂ ನೆಲಕ್ಕೆ ಕೂರುವುದಿಲ್ಲ, ಕೈ ಬಿಟ್ಟರೆ ಮೇಲಕ್ಕೆ ಹಾರುತ್ತದೆ. ಮುರಿದ ಸ್ಪ್ರಿಂಗಿಗೆ ವೆಲ್ಡಿಂಗ್ ಮಾಡುತ್ತೇನೆ ಅನ್ನುವವನನ್ನು ಹತ್ತಿರ ಸೇರಿಸಬೇಡಿ. ಬೆಂಕಿ ತಾಗಿದ ಜಾಗದಲ್ಲಿ ಉಕ್ಕಿನ ಹದ ಹೋಗುತ್ತದೆ.

ಗಿರಣಿ, ಗದಗ
ಫಿಟ್ಟರ್ ಅಣ್ಣಾರ, ನಾಲ್ಕು ವರ್ಷದಿಂದ ಓಡುತ್ತಿರುವ ಶಟರ್ ಸುಳ್ಳು ಹೇಳುತ್ತದೆಯೇ? ನಿಮ್ಮ ಮಾತು ಕೇಳಿದ್ದರೆ ನನಗೆ ಇನ್ನೂ 3,600 ಖರ್ಚು. ಆ ದುಡ್ಡಿನಲ್ಲಿ ನಾನು ಗಿರಣಿ ಕಲ್ಲು ಕೆತ್ತಿಸಿದೆ.

ಮೆಡಿಕಲ್ ಅಂಗಡಿ, ಕಾರವಾರ
ನೀವೆಲ್ಲ ಒಣ ಊರಿನವರು. ಇಲ್ಲಿ ಸಮುದ್ರದ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ನಮ್ಮಲ್ಲಿ ಸ್ಪ್ರಿಂಗ್ ಸವೆಯುವ ಮೊದಲೇ ತುಕ್ಕು ತಿನ್ನುತ್ತದೆ. ತುಕ್ಕು ಗುಂಡಿ ಬಿದ್ದ ಜಾಗದಲ್ಲೇ ತಂತಿ ತುಂಡಾಗುತ್ತದೆ. ಮೊದಲ ಸಲ ಐದೇ ವರ್ಷಕ್ಕೆ ನಮ್ಮ ಶಟರ್‌ನ ಎರಡೂ ಸ್ಪ್ರಿಂಗ್ ಹೋದವು. ಕೆಲಸಕ್ಕೆ ಬಂದವರು ಮೇಲಿನ ಕವರ್ ತಗಡು ವಾಪಸ್ ಹಾಕದೆ ಹೋದರು. ಆ ಮಳೆಗಾಲವೆಲ್ಲ ನೀರು ನೇರವಾಗಿ ಪೈಪ್ ಮೇಲೆ. ಎರಡನೇ ಸಲ 5,200 ಕೊಟ್ಟೆ. ಅದರಲ್ಲಿ ಕವರ್‌ಗೇ 1,400. ಈಗ ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಕವರ್ ಬಿಚ್ಚಿಸಿ ಗ್ರೀಸ್ ಮಾಡಿಸುತ್ತೇನೆ. ಸ್ಪ್ರಿಂಗ್ ಹಾಕುವಾಗ ತಂತಿ ಯಾವುದು ಎಂದು ಯಾರೂ ಕೇಳುವುದಿಲ್ಲ, ಅದೇ ದೊಡ್ಡ ಕೊರತೆ.

ಹಳೆ ಫಿಟ್ಟರ್, ಪೀಣ್ಯ
ಕಾರವಾರದವರು ಸರಿಯಾಗಿ ಹೇಳಿದರು. ಸಿಪಿಡಬ್ಲ್ಯುಡಿ (ಕೇಂದ್ರ ಲೋಕೋಪಯೋಗಿ ಇಲಾಖೆ) ಕೆಲಸದಲ್ಲಿ 27.5 ಸೆಂ.ಮೀ. ಉದ್ದದ, ಐಎಸ್ 4454 ಎಂಬ ಭಾರತೀಯ ಮಾನದಂಡಕ್ಕೆ ಸರಿಹೊಂದುವ ತಂತಿಯ ಸ್ಪ್ರಿಂಗ್ ಎಂದು ಬರೆದೇ ಇರುತ್ತದೆ. ಅಂಗಡಿಯವರು ತೂಕ ನೋಡಿ, ರೇಟ್ ನೋಡಿ ತರುತ್ತಾರೆ.

ಎಡಿಸನ್ ಕನ್ನಡಿಗ, ನ್ಯೂಜೆರ್ಸಿ
ನಮ್ಮಲ್ಲಿ ಅಂಗಡಿ ಶಟರ್ ಅಲ್ಲ, ಮನೆಯ ಗ್ಯಾರೇಜ್ ಬಾಗಿಲು. ಆದರೆ ಸ್ಪ್ರಿಂಗ್ ಕಥೆ ಒಂದೇ. ಇಲ್ಲಿ ಸಾಮಾನ್ಯ ಸ್ಪ್ರಿಂಗಿಗೆ 10,000 ಸಲದ ಆಯಸ್ಸು ಎಂದು ಹೇಳುತ್ತಾರೆ. ಒಮ್ಮೆ ಎತ್ತಿ ಇಳಿಸಿದರೆ ಒಂದು ಸಲ. ದಿನಕ್ಕೆ ನಾಲ್ಕು ಸಲ ಅಂದರೆ ಸುಮಾರು ಏಳು ವರ್ಷ. ನಮ್ಮದು ಜನವರಿಯ ಚಳಿಯಲ್ಲಿ ಮುರಿಯಿತು. ಕಾರು ಒಳಗೆ, ನಾನು ಆಫೀಸಿಗೆ ಹೊರಟಿದ್ದೆ. ಬಾಗಿಲ ಮೇಲಿನ ಸ್ಪ್ರಿಂಗಿನಲ್ಲಿ ಎರಡು ಇಂಚಿನಷ್ಟು ಬಿರುಕು ಕಣ್ಣಿಗೇ ಕಾಣುತ್ತಿತ್ತು. ಎರಡನ್ನೂ ಬದಲಿಸಲು 380 ಡಾಲರ್ ತೆಗೆದುಕೊಂಡರು. ಎರಡು ದಿನ ತಡವಾಗಿ ಬಂದರು, ಆ ಎರಡು ದಿನದ ಟ್ಯಾಕ್ಸಿಗೆ 96 ಡಾಲರ್. ಪಕ್ಕದ ಮನೆಯವರು ಮೋಟಾರ್ ಒತ್ತಿ ಎತ್ತಿಸಿ ಅಂದರು, ನಾನು ಒಪ್ಪಲಿಲ್ಲ. ಸ್ಪ್ರಿಂಗ್ ಇಲ್ಲದೆ ಮೋಟಾರ್ ಎಳೆದರೆ ಅದರ ಗೇರ್ ಹಲ್ಲು ಸವೆದು ಹೋಗುತ್ತದೆ. ಇಲ್ಲಿ ಪರೀಕ್ಷೆ ಹೀಗೆ: ಸ್ಪ್ರಿಂಗ್ ಮುರಿಯದೆ ಇರುವಾಗ, ಬಾಗಿಲು ಪೂರ್ತಿ ಮುಚ್ಚಿ, ಕೆಂಪು ಹಗ್ಗ ಎಳೆದು ಮೋಟಾರ್ ಬಿಡಿಸಿ, ಕೈಯಲ್ಲಿ ಅರ್ಧಕ್ಕೆ ಎತ್ತಿ. ನಿಂತರೆ ಸರಿ, ಜಾರಿದರೆ ಸ್ಪ್ರಿಂಗ್ ಮುಗಿಯುತ್ತಾ ಬಂದಿದೆ. ದಿನಕ್ಕೆ ಎರಡು ಸಲ ತೆಗೆದು ಮುಚ್ಚುವ ಅಂಗಡಿಗೆ 13 ವರ್ಷ ಬರಬೇಕು. 11ಕ್ಕೇ ಹೋಯಿತು ಅಂದರೆ ಮಾಲು ಕಳಪೆ.

ಕಿರಾಣಿ, ದಾವಣಗೆರೆ
ಸರ್, 380 ಡಾಲರ್ ಅಂದರೆ ನಮ್ಮ ಇಡೀ ಶಟರೇ ಬಂದುಬಿಡುತ್ತದೆ. ಅಲ್ಲಿನ ಲೆಕ್ಕ ಇಲ್ಲಿಗೆ ಯಾಕೆ? ಡಬ್ಬಿ ಮೇಲೆ 10,000 ಎಂದು ಬರೆದ ಸ್ಪ್ರಿಂಗ್ ಇಲ್ಲಿ ನಾನೆಲ್ಲೂ ನೋಡಿಲ್ಲ.

ಎಡಿಸನ್ ಕನ್ನಡಿಗ, ನ್ಯೂಜೆರ್ಸಿ
ಅರ್ಧಕ್ಕೆ ಎತ್ತಿ ಬಿಟ್ಟು ನೋಡುವುದಕ್ಕೆ ಡಾಲರ್ ಬೇಡ ಸರ್. ಫಿಟ್ಟರ್ ಹೇಳಿದ್ದನ್ನೇ ನಾನೂ ಹೇಳಿದೆ. ಅವರಿಗೆ ಒಪ್ಪಿಗೆ, ನನಗೆ ಬೈಗುಳವೇ?

ಮಳಿಗೆ ಮಾಲೀಕ, ಹಾಸನ
ನನ್ನದು ಆರು ಮಳಿಗೆ ಇದೆ. ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ದಿನಾ ಶಟರ್ ಎಳೆಯುವವರು ಬಾಡಿಗೆದಾರರು. ಧಡಾರ್ ಅಂತ ಮೇಲಕ್ಕೆ ತಳ್ಳುವುದು, ಕಾಲಲ್ಲಿ ಒದ್ದು ಕೂರಿಸುವುದು, ಪಟ್ಟಿಗೆ ಬೋರ್ಡ್ ಸ್ಕ್ರೂ ಹೊಡೆಯುವುದು, ಎಲ್ಲಾ ನೋಡಿದ್ದೇನೆ. ಹೋದ ವರ್ಷ ಒಂದೇ ಮಳಿಗೆಗೆ ಸ್ಪ್ರಿಂಗ್ 3,900, ಬೇರಿಂಗ್ 700, ಪೇಂಟ್ 1,200 ಕೊಟ್ಟೆ. ಆರು ತಿಂಗಳಿಗೆ ಅವರು ಖಾಲಿ ಮಾಡಿ ಹೋದರು. ಸ್ಪ್ರಿಂಗ್ ಬಾಡಿಗೆದಾರರ ಖರ್ಚು, ಅಷ್ಟೇ.

ಕಿರಾಣಿ, ದಾವಣಗೆರೆ
ಅಷ್ಟೇ ಅನ್ನಲು ನೀವು ಯಾರು? ಶಟರ್ ನಿಮ್ಮ ಆಸ್ತಿ. ನಾವು ಖಾಲಿ ಮಾಡುವಾಗ ಹೊಸ ಸ್ಪ್ರಿಂಗ್ ಬಿಚ್ಚಿಕೊಂಡು ಹೋಗಲು ಬಿಡುತ್ತೀರಾ?

ಕೋರ್ಟ್ ರಸ್ತೆ, ಧಾರವಾಡ
ಇಬ್ಬರೂ ಸ್ವಲ್ಪ ನಿಧಾನಿಸಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ನೋಡಿ. ಮೊದಲು ಕರಾರು ಪತ್ರದಲ್ಲಿ ಏನು ಬರೆದಿದೆ ಅದೇ ನಡೆಯುತ್ತದೆ. ಅದರಲ್ಲಿ ಏನೂ ಇಲ್ಲದಿದ್ದರೆ, ಬಾಡಿಗೆದಾರ ಜಾಗವನ್ನು ಪಡೆದ ಸ್ಥಿತಿಯಲ್ಲೇ ಇಟ್ಟುಕೊಳ್ಳಬೇಕು. ಆದರೆ ಸಹಜವಾಗಿ ಸವೆದದ್ದು ಅವನ ತಲೆಗೆ ಬರುವುದಿಲ್ಲ. ಮಾಲೀಕ ಮಾಡಲೇಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ಸಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಬಾಡಿಗೆಯಲ್ಲಿ ಕಡಿತ ಮಾಡಬಹುದು. ಹಾಗಾಗಿ ಅಕ್ಕ ಓನರ್‌ಗೆ ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ. ವಾಟ್ಸಾಪ್ ಮೆಸೇಜ್ ಆದರೂ ಸರಿ, ಜಾರುವ ಶಟರ್‌ನ ವಿಡಿಯೊ ಜೊತೆಗೆ ಕಳಿಸಿ.

ಮಳಿಗೆ ಮಾಲೀಕ, ಹಾಸನ
ಒದ್ದು ಮುರಿದದ್ದು ಸಹಜ ಸವೆತವೇ ವಕೀಲರೇ? ನಮ್ಮ ಕರಾರಿನಲ್ಲಿ ಶಟರ್ ರಿಪೇರಿ ಬಾಡಿಗೆದಾರರದ್ದು ಎಂದು ಸ್ಪಷ್ಟವಾಗಿ ಬರೆಸಿದ್ದೇನೆ. ಸಹಿ ಮಾಡುವಾಗ ಯಾರೂ ಮಾತಾಡುವುದಿಲ್ಲ.

ಟೈಲರ್ ಅಕ್ಕ, ತುಮಕೂರು
ಎಲ್ಲರಿಗೂ ಧನ್ಯವಾದ. ನಮ್ಮ ಕರಾರಿನಲ್ಲಿ ಶಟರ್ ಮಾತೇ ಇಲ್ಲ. ವಿಡಿಯೊ ಕಳಿಸಿದೆ, ಓನರ್ ಅರ್ಧ ಕೊಡಲು ಒಪ್ಪಿದರು. ಇವತ್ತು ಬಿಚ್ಚಿಸಿದೆ. ಮೂರರಲ್ಲಿ ಮಧ್ಯದ್ದು ಎಂದೋ ಮುರಿದಿತ್ತು, ಉಳಿದ ಎರಡು ಸಡಿಲ. ಮೂರೂ ಬದಲಿಸಿದರು, ಬೇರಿಂಗ್ ಸೇರಿ 5,300 ಆಯಿತು. ಈಗ ಅರ್ಧದಲ್ಲಿ ನಿಲ್ಲುತ್ತದೆ.

ಗಿರಣಿ, ಗದಗ
ಸಡಿಲ ಇದ್ದವನ್ನು ಟೈಟ್ ಮಾಡಿದ್ದರೆ ಆಗುತ್ತಿತ್ತು. ಆ ಎರಡು ಹಳೆ ಸ್ಪ್ರಿಂಗ್ ನಿಮಗೆ ಕೊಟ್ಟರೋ, ಅವರೇ ಒಯ್ದರೋ?

ಹಳೆ ಫಿಟ್ಟರ್, ಪೀಣ್ಯ
ಮತ್ತೆ ಶುರು ಮಾಡಿದಿರಾ? ಸೋತ ಸ್ಪ್ರಿಂಗ್ ಒಯ್ದು ಯಾರು ಏನು ಮಾಡುತ್ತಾರೆ? ಗುಜರಿಗೆ ತೂಕಕ್ಕೆ ಹೋಗುತ್ತದೆ. ಅಕ್ಕನ ಶಟರ್ ನಿಂತಿದೆಯಲ್ಲ, ಅಲ್ಲಿಗೆ ಬಿಡಿ.

ಗಿರಣಿ, ಗದಗ
ಗುಜರಿಗಾದರೂ ಅದು ಅಕ್ಕನ ದುಡ್ಡು ಅಲ್ವಾ? ಕೇಳಿ ತೆಗೆದುಕೊಳ್ಳಿ ಅಕ್ಕಾ.