ಫ್ಲೂ ಲಸಿಕೆ ನಂತರ ಭುಜ ಎತ್ತಲಾಗುತ್ತಿಲ್ಲ: ಅಮೆರಿಕದಲ್ಲಿ ಪರಿಹಾರ ಕೇಳುವುದು ಹೇಗೆ?

ಪ್ರಶ್ನೆ:
ನಮ್ಮತ್ತಿಗೆ ನ್ಯೂಜೆರ್ಸಿಯಲ್ಲಿದ್ದಾರೆ, ಎಚ್-1ಬಿ ವೀಸಾ. ಫಾರ್ಮಸಿಯಲ್ಲಿ ಎಡತೋಳಿಗೆ ಫ್ಲೂ ಲಸಿಕೆ ಹಾಕಿಸಿಕೊಂಡ ರಾತ್ರಿಯೇ ಭುಜನೋವು ಶುರುವಾಯಿತು. ಎಂಟು ತಿಂಗಳಾದರೂ ಕೈ ಹೆಗಲಿಗಿಂತ ಮೇಲೇಳುವುದಿಲ್ಲ. ಫಾರ್ಮಸಿಯ ಮೇಲೆ ಕೇಸು ಹಾಕಬೇಕೇ? ಪೌರತ್ವ ಇಲ್ಲದಿದ್ದರೂ ಆಗುತ್ತದೆಯೇ?

ಉತ್ತರ 1:
ಫಾರ್ಮಸಿಯ ಮೇಲೆ ನೇರವಾಗಿ ಹೋಗಬೇಡಿ, ಕೇಸು ವಜಾ ಆಗುತ್ತದೆ. ಲಸಿಕೆಯಿಂದಾದ ಗಾಯಕ್ಕೆ ಸರ್ಕಾರದ್ದೇ ಒಂದು ಪರಿಹಾರ ಕಾರ್ಯಕ್ರಮವಿದೆ. ಅದರ 1986ರ ಕಾನೂನಿನಂತೆ 1,000 ಡಾಲರ್‌ಗಿಂತ ಹೆಚ್ಚು ಕೇಳುವುದಾದರೆ ಮೊದಲು ವಾಷಿಂಗ್ಟನ್ನಿನ ಫೆಡರಲ್ ಕ್ಲೇಮ್ಸ್ ಕೋರ್ಟಿಗೆ ಅರ್ಜಿ ಹಾಕಬೇಕು. ಅಲ್ಲಿ ಪ್ರತಿವಾದಿ ಕೇಂದ್ರ ಆರೋಗ್ಯ ಇಲಾಖೆಯ ಕಾರ್ಯದರ್ಶಿ. ಪೌರತ್ವ ಬೇಕಿಲ್ಲ, ಲಸಿಕೆ ಅಮೆರಿಕದಲ್ಲಿ ಹಾಕಿಸಿದ್ದರೆ ಸಾಕು. ಗಡುವು, ಮೊದಲ ಲಕ್ಷಣ ಕಂಡ ದಿನದಿಂದ 3 ವರ್ಷ.

ಈ ಗಾಯಕ್ಕೆ ಸಿರ್ವಾ ಎನ್ನುತ್ತಾರೆ. 2017ರ ಮಾರ್ಚ್‌ನಲ್ಲಿ ಆ ಕಾರ್ಯಕ್ರಮದ ಪರಿಹಾರದ ಪಟ್ಟಿಗೆ ಸೇರಿತು. ಸೂಜಿ ತೀರಾ ಮೇಲೆ ಚುಚ್ಚಿದರೆ ಲಸಿಕೆ ಸ್ನಾಯು ಬಿಟ್ಟು ಕೀಲಿನ ಬಳಿಯ ದ್ರವಚೀಲಕ್ಕೆ ಇಳಿದು ಉರಿಯೂತ ತರುತ್ತದೆ. ನೋವು 48 ಗಂಟೆಯೊಳಗೆ ಶುರುವಾಗಿರಬೇಕು, ಆ ಭುಜದಲ್ಲಿ ಹಿಂದೆ ತೊಂದರೆ ಇದ್ದಿರಬಾರದು, ನೋವು ಮತ್ತು ಬಿಗಿತ ಆ ಭುಜಕ್ಕಷ್ಟೇ ಸೀಮಿತವಾಗಿರಬೇಕು, ಕುತ್ತಿಗೆಯ ನರದ ಒತ್ತಡದಂಥ ಬೇರೆ ಕಾರಣ ಇರಬಾರದು. ತೊಂದರೆ 6 ತಿಂಗಳು ದಾಟಿರಬೇಕು; ನಿಮ್ಮತ್ತಿಗೆಗೆ ದಾಟಿದೆ. ಇವಿಷ್ಟೂ ಕೂಡಿಬಂದರೆ ಲಸಿಕೆಯೇ ಕಾರಣ ಎಂದು ಬೇರೆ ಸಾಬೀತು ಮಾಡಬೇಕಿಲ್ಲ.

ಉತ್ತರ 2:
ಕೇಸು ಬೀಳುವುದು ದಾಖಲೆಯಲ್ಲಿ. ಲಸಿಕೆಯಾಗಿ ಎರಡು ತಿಂಗಳ ಮೇಲೆ ಡಾಕ್ಟರ್ ಬಳಿ ಹೋಗಿ, ಅವರು "ಎರಡು ವಾರದಿಂದ ನೋವು" ಎಂದು ಬರೆದುಕೊಂಡರೆ 48 ಗಂಟೆಯ ಷರತ್ತಿಗೇ ಪೆಟ್ಟು. ನಡುವೆ ಜ್ವರಕ್ಕೆಂದು ಬೇರೆ ಡಾಕ್ಟರನ್ನು ಕಂಡು ಭುಜದ ಮಾತೇ ಎತ್ತದಿದ್ದರೆ ಸರ್ಕಾರಿ ವಕೀಲರು ಅದನ್ನೂ ಹಿಡಿಯುತ್ತಾರೆ. ಹಾಗೇನಾದರೂ ಇದ್ದರೆ ಮನೆಯವರ, ಜೊತೆ ಕೆಲಸದವರ ಪ್ರಮಾಣಪತ್ರ (ಅಫಿಡವಿಟ್) ಈಗಲೇ ಮಾಡಿಸಿಡಿ. ಫಾರ್ಮಸಿಯಿಂದ ಲಸಿಕೆಯ ದಾಖಲೆ ತರಿಸಿ ಎಡವೋ ಬಲವೋ ನೋಡಿ. ಎಷ್ಟೋ ಸಲ ತಪ್ಪು ತೋಳು ನಮೂದಾಗಿರುತ್ತದೆ. ಲಸಿಕೆಗೆ ಮುಂಚಿನ 3 ವರ್ಷದ ಆಸ್ಪತ್ರೆ ದಾಖಲೆಯೂ ಬೇಕು. ಫಿಸಿಯೋಥೆರಪಿಯಲ್ಲಿ ಕೈ ಎಷ್ಟು ಡಿಗ್ರಿ ಏಳುತ್ತದೆ ಎಂದು ಪ್ರತಿ ಸಲ ಅಳೆದು ಬರೆಸಿ.

ಉತ್ತರ 3:
ಕೋರ್ಟ್ ಶುಲ್ಕ 405 ಡಾಲರ್, ಕಷ್ಟವಿದ್ದರೆ ವಿನಾಯಿತಿ ಕೇಳಬಹುದು. ವಕೀಲರು ಪರಿಹಾರದಲ್ಲಿ ಪಾಲು ಕೇಳುವಂತಿಲ್ಲ. ಅರ್ಜಿಗೆ ಪ್ರಾಮಾಣಿಕ ಆಧಾರವಿದ್ದರೆ ಸೋತರೂ ಅವರ ಫೀಸು ಕಾರ್ಯಕ್ರಮದ ನಿಧಿಯಿಂದಲೇ ಸಿಗುತ್ತದೆ. ಆದ್ದರಿಂದ ಒಬ್ಬರೇ ಹೋರಾಡಬೇಡಿ. ನೋವಿಗೆ ಗರಿಷ್ಠ 2,50,000 ಡಾಲರ್. ವಿಮೆ ಭರಿಸದ ಚಿಕಿತ್ಸಾ ವೆಚ್ಚ, ಕಳೆದುಕೊಂಡ ಸಂಬಳ ಬೇರೆ.

ಒಂದು ವಿಷಯ ಖಚಿತಪಡಿಸಿಕೊಳ್ಳಿ: ಅದೇ ದಿನ ಅದೇ ತೋಳಿಗೆ ಕೋವಿಡ್ ಲಸಿಕೆಯನ್ನೂ ಹಾಕಿದ್ದರೇ? ಕೋವಿಡ್ ಲಸಿಕೆಗೆ ಬೇರೆಯೇ ಯೋಜನೆ. ಅಲ್ಲಿ ಲಸಿಕೆ ಹಾಕಿದ ದಿನದಿಂದ 1 ವರ್ಷವಷ್ಟೇ ಗಡುವು, ನೋವಿಗೆ ಹಣವಿಲ್ಲ, ವಕೀಲರ ಫೀಸೂ ಇಲ್ಲ. ಎರಡೂ ಹಾಕಿದ್ದರೆ ನಾಲ್ಕೇ ತಿಂಗಳು ಉಳಿದಿದೆ.