ಕಾಡಿನವರ ನೆಲಕ್ಕೆ ಕಾಗದ ಕೇಳಿದ್ದು ಯಾರು?

ಮಲ್ಲೇಶ್ವರದ ಲಾ ವಿದ್ಯಾರ್ಥಿ:
ಅಮೆರಿಕದ 1823ರ ಜಾನ್ಸನ್–ಮೆಕಿಂಟೋಷ್ ತೀರ್ಪು ಓದುತ್ತಿದ್ದೇನೆ. ಯುರೋಪಿನವರು ಬಂದು ನೆಲ ‘ಕಂಡುಹಿಡಿದ’ ಮೇಲೆ ಮೂಲನಿವಾಸಿಗಳಿಗೆ ಅಲ್ಲಿ ವಾಸದ ಹಕ್ಕು ಮಾತ್ರ, ಒಡೆತನ ಇಲ್ಲವಂತೆ. ತುಂಬಾ ಸಿಟ್ಟು ಬಂತು. ನಮ್ಮಲ್ಲೂ ಹೀಗೇ ಆಯ್ತಾ?

ವಿಜಯನಗರದ ವಕೀಲ:
ದಾರಿ ಬೇರೆ, ಏಟು ಅದೇ. 1927ರ ಅರಣ್ಯ ಕಾಯ್ದೆ ನೋಡಿ. ಕಾಡನ್ನು ಮೀಸಲು ಮಾಡುವ ಮುಂಚೆ ಪ್ರಕಟಣೆ ಹೊರಡಿಸಬೇಕು, ಹಕ್ಕಿದ್ದವರು ಅಧಿಕಾರಿ ಮುಂದೆ ಬಂದು ಹೇಳಬೇಕು, ಅದಕ್ಕೆ ಕನಿಷ್ಠ 3 ತಿಂಗಳು ಟೈಮು. ಹೇಳದಿದ್ದರೆ ಸಾಮಾನ್ಯವಾಗಿ ಹಕ್ಕು ಹೋದಂತೆಯೇ. ಪಟ್ಟಾನೇ ಇಲ್ಲದವರು ಏನು ತೋರಿಸಬೇಕಿತ್ತು ಹೇಳಿ?

ಜಯನಗರದಿಂದ:
ಸರ್, ಅವರ ಹತ್ತಿರ ಲೆಕ್ಕ ಇತ್ತಲ್ವಾ! ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಒಂದೊಂದು ಕುಲಕ್ಕೂ ಅದರದೇ ಯೆಲ್ಲೆ, ಅಂದ್ರೆ ಗಡಿ ಗೊತ್ತಿರುವ ಕಾಡಿನ ಪಾಲು ಇದೆ, ಒಳಗೆ ದೇವರು, ಮಾರಮ್ಮ, ವೀರು ಅನ್ನೋ ದೈವ, ಸಮಾಧಿ ಎಲ್ಲದಕ್ಕೂ ಜಾಗ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರಿಗೆ ಸಮುದಾಯ ಹಕ್ಕು ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ.

ವಿಜಯನಗರದ ವಕೀಲ:
ನಿಜ. ಆಸ್ಟ್ರೇಲಿಯಾದ 1992ರ ಮಾಬೊ ಕೇಸನ್ನೂ ಓದಪ್ಪ, ಮರ್ರೆ ದ್ವೀಪದ ಮೂಲನಿವಾಸಿಗಳಿಗೆ ಅವರ ನೆಲದ ಮೇಲೆ ಹಕ್ಕಿದೆ ಅಂತ ಕೋರ್ಟು ಒಪ್ಪಿದ ಕೇಸು ಅದು. ಯಾವ ತೋಟ ಯಾರದು ಅಂತ ದ್ವೀಪದವರೇ ಕೋರ್ಟಲ್ಲಿ ಸಾಕ್ಷಿ ಹೇಳಿದ್ದರು.