ಸಹಾಯ ಬೇಕು: ಟೇಬಲ್ ಟೆನಿಸ್ ಆಟದಲ್ಲಿ ಬ್ಯಾಟು ತಡವಾಗಿ ಬೀಸುತ್ತಿದೆ

ಎಲ್ಲರಿಗೂ ನಮಸ್ಕಾರ. ನಿಂಟೆಂಡೊ ವೀ ಕನ್ಸೋಲಿನ 2009ರ ವಿಡಿಯೊ ಗೇಮ್ ವೀ ಸ್ಪೋರ್ಟ್ಸ್ ರೆಸಾರ್ಟ್‌ನಲ್ಲಿರುವ ಟೇಬಲ್ ಟೆನಿಸ್ ಆಟವನ್ನು ಈಗಲೂ ಮನೆಯಲ್ಲಿ ಆಡುವವರು ಇಲ್ಲಿದ್ದೀರಾ? ದೊಡ್ಡ ಎಲ್‌ಇಡಿ ಟಿವಿ ಬಂದ ಮೇಲೆ ನನ್ನ ಆಟ ಹಳ್ಳ ಹಿಡಿದಿದೆ. ನಾನು ಕೈ ಬೀಸಿದ ಮೇಲೆ ತುಸು ತಡೆದು ಪರದೆಯಲ್ಲಿ ಬ್ಯಾಟು ಬೀಸುತ್ತದೆ. ಅಷ್ಟರಲ್ಲಿ ಚೆಂಡು ದಾಟಿ ಹೋಗಿರುತ್ತದೆ. ಈ ಆಟದಲ್ಲಿ ಓಡಾಟವನ್ನೆಲ್ಲ ಪಾತ್ರವೇ ನೋಡಿಕೊಳ್ಳುತ್ತದೆ. ನಮ್ಮ ಪಾಲಿಗಿರುವುದು ಹೊಡೆಯುವ ಸಮಯ ಮತ್ತು ಚೆಂಡಿಗೆ ಸ್ಪಿನ್ ಕೊಡುವ ಮಣಿಕಟ್ಟಿನ ತಿರುವು ಮಾತ್ರ. ಸಮಯವೇ ತಪ್ಪಿದರೆ ಇನ್ನೇನು ಉಳಿಯಿತು?

ಮೋಷನ್‌ಪ್ಲಸ್ (ಕೈ ಚಲನೆಯನ್ನು ನಿಖರವಾಗಿ ಗುರುತಿಸುವ ಸಾಧನ) ಇರುವ ರಿಮೋಟ್‌ನಲ್ಲಿ ದೋಷವಿಲ್ಲ. ಹಳೆಯ ಡಬ್ಬಿ ಟಿವಿಗೆ ಜೋಡಿಸಿದರೆ ಎಲ್ಲವೂ ಸರಿಯಾಗಿದೆ. ವೀ ಕಳಿಸುವ 480 ಗೆರೆಗಳ ಚಿತ್ರವನ್ನು ಹೊಸ ಟಿವಿ ತನ್ನ ಅಳತೆಗೆ ಹಿಗ್ಗಿಸಿ, ನುಣುಪುಗೊಳಿಸಿ ತೋರಿಸುವುದರಲ್ಲೇ ತಡವಾಗುತ್ತಿದೆ ಎಂಬುದು ನನ್ನ ಊಹೆ. ಈ ತಡವನ್ನು ತಗ್ಗಿಸಲು ಟಿವಿಯಲ್ಲಿರುವ ಗೇಮ್ ಮೋಡ್ ಹಾಕಿದ್ದೇನೆ. ಸ್ವಲ್ಪ ಸುಧಾರಿಸಿತು, ಸಾಲದು.

ಹಳದಿ, ಕೆಂಪು, ಬಿಳಿ ತುದಿಗಳ ಕೇಬಲ್ ಬದಲು ಕಾಂಪೊನೆಂಟ್ ಕೇಬಲ್ (ಚಿತ್ರವನ್ನು ಮೂರು ತಂತಿಗಳಲ್ಲಿ ಕಳಿಸುವಂಥದ್ದು) ಹಾಕಿದರೆ ಪ್ರಯೋಜನವಿದೆಯೇ? ಅಥವಾ ಎಚ್‌ಡಿಎಂಐ ಅಡಾಪ್ಟರ್ ಹೆಚ್ಚು ಉತ್ತಮವೇ? ದಯವಿಟ್ಟು ಬಳಸಿ ನೋಡಿದವರು ತಿಳಿಸಿ. ಹೊಸ ಕನ್ಸೋಲ್ ಕೊಳ್ಳಿ ಎಂಬ ಸಲಹೆ ಬೇಡ, ಆ ಸಲಹೆ ಮನೆಯಲ್ಲೇ ಧಾರಾಳವಾಗಿ ಸಿಗುತ್ತಿದೆ.